ಎರಡಕ್ಷರದ ಟ್ರಾನ್ಸಿಸ್ಟರ್: ಗುರುತು ಹಿಡಿಯುವುದು ಹೇಗೆ?

ಕೆಟ್ಟ ಎಲ್‌ಇಡಿ ಬಲ್ಬಿನ ಮುಚ್ಚಳ ಬಿಚ್ಚಿದರೆ ಒಳಗಿನ ಪುಟ್ಟ ಬೋರ್ಡಿನ ಮೇಲೆ ‘ಎಂ7’ ಎಂದು ಬರೆದ ಕರಿಯ ತುಣುಕೊಂದು ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಎರಡೇ ತುದಿ. ಹಳೆಯ 1ಎನ್4007 ಡಯೋಡೇ ತನ್ನ ತಂತಿಕಾಲು ಕಳೆದುಕೊಂಡು ಬೋರ್ಡಿಗೆ ಅಂಟಿ ಕೂತ ರೂಪ ಅದು: 1000 ವೋಲ್ಟ್ ತಡೆಯುತ್ತದೆ, 1 ಆಂಪಿಯರ್ ಹರಿಯಗೊಡುತ್ತದೆ. ಅದೇ ‘ಎಂ7’ ಅಕ್ಕಿಕಾಳಿಗಿಂತ ಚಿಕ್ಕದಾದ ಮೂರು ಕಾಲಿನ ತುಣುಕಿನ ಮೇಲಿದ್ದರೆ ಅದು ಜಪಾನಿನ 2ಎಸ್‌ಎ812 ಎಂಬ ಪಿಎನ್‌ಪಿ ಟ್ರಾನ್ಸಿಸ್ಟರ್ ಆಗಿರಬಹುದು. ಅದರ ತಾಳಿಕೆ 50 ವೋಲ್ಟ್, 100 ಮಿಲಿಆಂಪಿಯರ್, ಅಷ್ಟೇ. ಬರಹ ಒಂದು, ವಸ್ತು ಎರಡು. ಪಟ್ಟಿಯಲ್ಲಿ ‘ಎಂ7’ ಹುಡುಕಿ, ಮೊದಲು ಸಿಕ್ಕ ಉತ್ತರ ನಂಬಿಕೊಂಡು ಅಂಗಡಿಗೆ ಹೋದವರು ಏನು ತರುತ್ತಾರೋ ಅವರ ಅದೃಷ್ಟ.

ರಿಪೇರಿ ಕಲಿಯುತ್ತಿರುವವರು, ಹವ್ಯಾಸಿಗಳು, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಇಲ್ಲಿ ಎಡವುವುದು ಕ್ರಮದಲ್ಲಿ. ಮೊದಲು ಕೋಡ್ ಓದುವುದು, ಆಮೇಲೆ ಪಟ್ಟಿ ನೋಡುವುದು, ಏನೂ ಹೊಂದದೇ ಹೋದರೆ ಕೊನೆಗೆ ಮೀಟರ್ ಹಿಡಿಯುವುದು. ಇದನ್ನು ತಲೆಕೆಳಗು ಮಾಡಬೇಕು. ಆ ತುಣುಕು ಬೋರ್ಡಿನಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಮೊದಲು ನೋಡಿ, ಮೀಟರಿನಿಂದ ಅದರ ಜಾತಿ ಖಚಿತಪಡಿಸಿಕೊಂಡು, ಆಮೇಲೆ ಪಟ್ಟಿಯ ಮುಂದೆ ಕೂತರೆ ಹತ್ತು ಉತ್ತರಗಳಲ್ಲಿ ಎಂಟು ತಾವಾಗಿಯೇ ಬಿದ್ದುಹೋಗುತ್ತವೆ. ಎಷ್ಟೋ ಸಲ ನಿಖರವಾದ ಹೆಸರು ಬೇಕಾಗುವುದೂ ಇಲ್ಲ.

ಹೆಸರು ಯಾಕೆ ಬರೆದಿಲ್ಲ?

ಮೂರು ಕಾಲಿನ ಈ ತುಣುಕುಗಳಲ್ಲಿ ಬಹುಪಾಲಿನವು ಎಸ್‌ಒಟಿ-23 ಎಂಬ ಕವಚದಲ್ಲಿ ಬರುತ್ತವೆ. ಅದರ ಮೈ 2.9 ಮಿ.ಮೀ. ಉದ್ದ, 1.3 ಮಿ.ಮೀ. ಅಗಲ. ಇದಕ್ಕೂ ಚಿಕ್ಕದು ಎಸ್‌ಒಟಿ-323, ಸುಮಾರು 2 ಮಿ.ಮೀ. ಉದ್ದದ್ದು. ಇಷ್ಟು ಜಾಗದಲ್ಲಿ ‘ಬಿಸಿ847ಬಿ’ ಎಂದು ಓದುವಂತೆ ಬರೆಯುವುದು ಕಷ್ಟ. ಹಾಗಾಗಿ ತಯಾರಕರು ಎರಡು ಅಥವಾ ಮೂರು ಅಕ್ಷರದ ಸಂಕೇತ ಹಾಕುತ್ತಾರೆ. ತೊಡಕು ಇರುವುದು ಇದರ ಮುಂದಿನ ಹಂತದಲ್ಲಿ. ಟ್ರಾನ್ಸಿಸ್ಟರಿನ ಪೂರ್ಣ ಹೆಸರಿಗೆ ಒಂದು ಶಿಸ್ತು ಇದೆ. ‘2ಎನ್’ ಎಂದು ಶುರುವಾದರೆ ಅಮೆರಿಕದ ಪದ್ಧತಿ, ‘ಬಿಸಿ’ ಎಂದಿದ್ದರೆ ಯುರೋಪಿನದು (ಬಿ ಎಂದರೆ ಸಿಲಿಕಾನ್, ಸಿ ಎಂದರೆ ಧ್ವನಿ ಆವರ್ತನದ ಸಣ್ಣ ಟ್ರಾನ್ಸಿಸ್ಟರ್), ‘2ಎಸ್‌ಎ’, ‘2ಎಸ್‌ಸಿ’ ಎಂದಿದ್ದರೆ ಜಪಾನಿನದು. ಮೈಮೇಲಿನ ಪುಟ್ಟ ಸಂಕೇತಕ್ಕೆ ಮಾತ್ರ ಇಂಥ ಯಜಮಾನರಿಲ್ಲ. ಪ್ರತಿ ಕಂಪನಿ ತನಗೆ ತೋಚಿದ್ದನ್ನು ಬರೆಯುತ್ತದೆ, ಪಕ್ಕದ ಕಂಪನಿ ಅದನ್ನೇ ಇನ್ನೊಂದಕ್ಕೆ ಬರೆದಿದೆಯೇ ಎಂದು ಕೇಳುವುದಿಲ್ಲ.

ಹೀಗಾಗಿ ಒಂದು ಸಂಕೇತಕ್ಕೆ ಹಲವು ಅರ್ಥ, ಒಂದು ಟ್ರಾನ್ಸಿಸ್ಟರಿಗೆ ಹಲವು ಸಂಕೇತ. 2ಎನ್7002 ಎಂಬ ಮಾಸ್ಫೆಟ್ ತಯಾರಕರನ್ನು ಅವಲಂಬಿಸಿ ‘702’, ‘7002’, ‘ಕೆ72’ ಎಂದೆಲ್ಲ ಬರುತ್ತದೆ. ಇವನ್ನೆಲ್ಲ ಒಟ್ಟುಗೂಡಿಸುವ ಕೆಲಸವನ್ನು ಹವ್ಯಾಸಿಗಳೇ ಮಾಡಿದ್ದಾರೆ. ಹ್ಯಾಮ್ ರೇಡಿಯೊ ಹವ್ಯಾಸಿ ಬ್ಲ್ಯಾಕ್‌ವೆಲ್ ಅವರ ಸಂಕೇತಕೋಶ ಅದರಲ್ಲಿ ಹೆಸರಾದದ್ದು. ಅಂಥ ಕೋಶದಲ್ಲಿ ಒಂದೊಂದು ಸಂಕೇತದ ಎದುರು ನಾಲ್ಕಾರು ಹೆಸರುಗಳಿರುವುದು ಕಂಡು ಗಾಬರಿಯಾಗಬೇಕಿಲ್ಲ. ಕೋಶ ಸರಿಯಾಗಿಯೇ ಇದೆ.

ಓದುವುದೇ ಒಂದು ಕೆಲಸ

ಬೋರ್ಡು ಕರೆಂಟಿನಿಂದ ಬಿಡಿಸಿದ್ದೀರಿ ತಾನೇ? ಎಲ್‌ಇಡಿ ಬಲ್ಬು, ಚಾರ್ಜರ್, ಟಿವಿ ಪವರ್ ಸಪ್ಲೈಗಳಲ್ಲಿ ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ.

ಈಗಿನ ಗುರುತುಗಳು ಹೆಚ್ಚಾಗಿ ಲೇಸರಿನಿಂದ ಸುಟ್ಟವು. ಎದುರಿನಿಂದ ಬೆಳಕು ಬಿಟ್ಟರೆ ಅವು ಕಾಣುವುದೇ ಇಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಫ್ಲಕ್ಸಿನ ಕೊಳೆ ಒರೆಸಿ, ಟಾರ್ಚನ್ನು ಬೋರ್ಡಿಗೆ ತಾಗುವಷ್ಟು ಓರೆಯಾಗಿ ಹಿಡಿದು, ನಿಧಾನ ತಿರುಗಿಸಿ. ಅಕ್ಷರ ಮಿಂಚಿ ಎದ್ದು ಬರುವ ಒಂದು ಕೋನ ಇರುತ್ತದೆ. ಅಲ್ಲೇ ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಆಗಲೂ ಕಾಣದಿದ್ದರೆ ಬಿಳಿ ಸೀಮೆಸುಣ್ಣ ತಿಕ್ಕಿ ಮೆಲ್ಲಗೆ ಒರೆಸಿ. ಗೀರುಗಳಲ್ಲಿ ಪುಡಿ ಉಳಿದು ಅಕ್ಷರ ತೋರುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದು ಇದ್ದರೆ ಸಾಕು, ದುಬಾರಿ ಸೂಕ್ಷ್ಮದರ್ಶಕ ಬೇಕಿಲ್ಲ.

ದಿಕ್ಕಿನ ವಿಷಯ ಬಹಳ ಜನ ಮರೆಯುತ್ತಾರೆ. ಎರಡು ಕಾಲಿರುವ ಬದಿ ನಿಮ್ಮ ಕಡೆಗೆ, ಒಂಟಿ ಕಾಲು ಆಚೆಗೆ ಬರುವಂತೆ ಹಿಡಿಯಿರಿ. ಬಹುತೇಕ ಕಂಪನಿಗಳ ಬರಹ ಆಗ ನೇರವಾಗಿ ನಿಲ್ಲುತ್ತದೆ. ತಲೆಕೆಳಗಾಗಿ ಓದಿದರೆ 6 ಒಂಬತ್ತಾಗುತ್ತದೆ, ಇಂಗ್ಲಿಷಿನ ದೊಡ್ಡ ಎಂ ಡಬ್ಲ್ಯೂ ಆಗುತ್ತದೆ, ಚಿಕ್ಕ ಪಿ ಚಿಕ್ಕ ಡಿ ಆಗುತ್ತದೆ. ನೇರ ಹಿಡಿದರೂ ಸೊನ್ನೆ ಮತ್ತು ಓ, 5 ಮತ್ತು ಎಸ್, 8 ಮತ್ತು ಬಿ, 2 ಮತ್ತು ಝಡ್ ಒಂದನ್ನೊಂದು ಹೋಲುತ್ತವೆ. ಬರೆದಿಟ್ಟುಕೊಳ್ಳುವಾಗ ಅನುಮಾನದ ಎರಡು ಓದನ್ನೂ ಬರೆದಿಟ್ಟುಕೊಳ್ಳಿ.

ಕಂಡ ಅಕ್ಷರಗಳೆಲ್ಲ ಹೆಸರಿನ ಭಾಗವಲ್ಲ ಎನ್ನುವುದು ಇನ್ನೊಂದು ಸಂಗತಿ. ಪಕ್ಕಕ್ಕೆ ಅಡ್ಡವಾಗಿ ಬರೆದ ಒಂಟಿ ಅಕ್ಷರ, ಅಕ್ಷರದ ಮೇಲಿನ ಗೆರೆ, ಚುಕ್ಕಿ ಇವು ಸಾಮಾನ್ಯವಾಗಿ ತಯಾರಿಕೆಯ ತಿಂಗಳು, ವರ್ಷ, ಸೀಸರಹಿತ ಎಂಬಂಥ ಸೂಚನೆಗಳು. ಫಿಲಿಪ್ಸ್, ಆಮೇಲೆ ಎನ್‌ಎಕ್ಸ್‌ಪಿ ಕಂಪನಿಯವರು ಎರಡಕ್ಷರದ ಸಂಕೇತದ ಹಿಂದೆ ಕಾರ್ಖಾನೆಯ ಗುರುತು ಸೇರಿಸುತ್ತಿದ್ದರು: ಚಿಕ್ಕ ‘ಪಿ’ ಇದ್ದರೆ ಹಾಂಗ್‌ಕಾಂಗ್, ಚಿಕ್ಕ ‘ಟಿ’ ಇದ್ದರೆ ಮಲೇಷ್ಯಾ, ‘ಡಬ್ಲ್ಯೂ’ ಇದ್ದರೆ ಚೀನಾ. ಅಂದರೆ ‘1ಎಫ್‌ಪಿ’, ‘1ಎಫ್‌ಟಿ’, ‘1ಎಫ್‌ಡಬ್ಲ್ಯೂ’ ಮೂರೂ ಒಂದೇ ಬಿಸಿ847ಬಿ. ಇನ್ಫಿನಿಯಾನ್‌ನವರು ಅದೇ ಟ್ರಾನ್ಸಿಸ್ಟರಿಗೆ ‘1ಎಫ್‌ಎಸ್’ ಎನ್ನುತ್ತಾರೆ. ಮೂರಕ್ಷರ ಹುಡುಕಿ ಸಿಗದಿದ್ದರೆ ಕೊನೆಯದನ್ನು ಬಿಟ್ಟು ಎರಡರಲ್ಲೇ ಹುಡುಕುವುದು ಈ ಕಾರಣಕ್ಕೆ.

ಬೋರ್ಡನ್ನು ಕೇಳಿ

ಟ್ರಾನ್ಸಿಸ್ಟರಿನ ಪಕ್ಕ ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಏನೋ ಮುದ್ರಿಸಿರುತ್ತಾರೆ. ‘ಕ್ಯೂ3’ ಎಂದಿದ್ದರೆ ಟ್ರಾನ್ಸಿಸ್ಟರ್. ಯುರೋಪಿನ ಬೋರ್ಡುಗಳಲ್ಲಿ ‘ಟಿ’, ‘ವಿಟಿ’ ಕೂಡ ಇರುತ್ತದೆ. ‘ಡಿ’ ಎಂದಿದ್ದರೆ ಮೂರು ಕಾಲಿದ್ದರೂ ಅದು ಡಯೋಡು. ‘ಯು’ ಅಥವಾ ‘ಐಸಿ’ ಎಂದಿದ್ದರೆ ವೋಲ್ಟೇಜ್ ರೆಗ್ಯುಲೇಟರ್, ಕಾಂತ ಸಂವೇದಕ, ರೀಸೆಟ್ ಚಿಪ್ ಇಂಥದ್ದೇನೋ. ಈ ಒಂದು ಅಕ್ಷರ ನೋಡುವ ಅಭ್ಯಾಸವಿದ್ದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಐದು ವೋಲ್ಟ್ ತಿನ್ನಿಸುವ ಸಣ್ಣ ಸೆನ್ಸರ್ ಮಾಡ್ಯೂಲುಗಳ ಮೇಲೆ ‘662ಕೆ’ ಎಂಬ ಮೂರು ಕಾಲಿನ ತುಣುಕು ಕಂಡು ಟ್ರಾನ್ಸಿಸ್ಟರ್ ಎಂದುಕೊಳ್ಳುವವರು ಬಹಳ. ಅದು ಎಕ್ಸ್‌ಸಿ6206 ಎಂಬ 3.3 ವೋಲ್ಟಿನ ರೆಗ್ಯುಲೇಟರ್. ಒಂಟಿ ಕಾಲಿಗೆ ವಿದ್ಯುತ್ ಒಳಬರುತ್ತದೆ, ಎರಡನೆಯದರಿಂದ 3.3 ವೋಲ್ಟ್ ಹೊರಹೋಗುತ್ತದೆ, ಮೊದಲನೆಯದು ಗ್ರೌಂಡ್. ಟ್ರಾನ್ಸಿಸ್ಟರ್ ಎಂದು ಅಳೆದರೆ ಅದು ಕೆಟ್ಟಿದೆ ಎಂದೇ ಮೀಟರ್ ಹೇಳುತ್ತದೆ.

ಆಮೇಲೆ ಟ್ರ್ಯಾಕ್ ಹಿಡಿದು ಹೋಗಿ. ಒಂದು ಕಾಲು ಗ್ರೌಂಡಿಗೆ, ಇನ್ನೊಂದು 1 ಕಿಲೊ ಓಮಿನಿಂದ 10 ಕಿಲೊ ಓಮಿನವರೆಗಿನ ರೆಸಿಸ್ಟರ್ ಮೂಲಕ ಮೈಕ್ರೊಕಂಟ್ರೋಲರಿಗೆ, ಒಂಟಿ ಕಾಲು ರಿಲೇ ಸುರುಳಿಗೆ, ಸುರುಳಿಗೆ ಅಡ್ಡಲಾಗಿ ಒಂದು ಡಯೋಡು: ಇದು ರಿಲೇ ಎಳೆಯುವ ಎನ್‌ಪಿಎನ್ ಸ್ವಿಚ್. ಇಲ್ಲಿ ಕೋಡ್ ಅಳಿಸಿಹೋಗಿದ್ದರೂ ಬೇಸರ ಬೇಡ, ಬಿಸಿ817 ಅಥವಾ ಎಸ್8050 ಹಾಕಿದರೆ ಕೆಲಸ ನಡೆಯುತ್ತದೆ. ಬ್ಯಾಟರಿ ಕನೆಕ್ಟರಿನ ಪಕ್ಕದಲ್ಲೇ ದಪ್ಪ ಟ್ರ್ಯಾಕುಗಳ ನಡುವೆ ಕೂತಿದ್ದರೆ ಅದು ಹೆಚ್ಚಾಗಿ ಪಿ-ಚಾನಲ್ ಮಾಸ್ಫೆಟ್. ಬ್ಯಾಟರಿ ತಿರುಗಿಸಿ ಹಾಕಿದರೆ ಸರ್ಕ್ಯೂಟ್ ಸುಡದಂತೆ ಕಾಯುವುದು ಅಥವಾ ವಿದ್ಯುತ್ ಬಿಡುವುದು, ಕಡಿಯುವುದು ಅದರ ಕೆಲಸ. ಒಂದೇ ಥರದ ಎರಡು ತುಣುಕು ಜೋಡಿಯಾಗಿ, ಸುತ್ತ ನಾಲ್ಕು 10 ಕಿಲೊ ಓಮ್ ರೆಸಿಸ್ಟರ್ ಇದ್ದರೆ 5 ವೋಲ್ಟ್ ಮತ್ತು 3.3 ವೋಲ್ಟ್ ನಡುವೆ ಸಂಕೇತ ಸಾಗಿಸುವ ಲೆವೆಲ್ ಶಿಫ್ಟರ್. ಅಲ್ಲಿರುವುದು ಬಹುಪಾಲು ಬಿಎಸ್‌ಎಸ್138. ಯುಎಸ್‌ಬಿ ಅಥವಾ ಆಡಿಯೊ ಜ್ಯಾಕಿನ ಬಾಯಲ್ಲೇ ಕೂತ ಮೂರು ಕಾಲಿನದು ಟ್ರಾನ್ಸಿಸ್ಟರ್ ಅಲ್ಲದೆ ಸ್ಥಾಯಿವಿದ್ಯುತ್ತಿನಿಂದ ಕಾಯುವ ಜೋಡಿ ಡಯೋಡ್ ಆಗಿರುವ ಸಾಧ್ಯತೆಯೇ ಹೆಚ್ಚು.

ಮೀಟರ್ ಏನು ಹೇಳುತ್ತದೆ

ಬೋರ್ಡಿನ ಮೇಲೇ ಅಳೆದರೆ ಪಕ್ಕದ ರೆಸಿಸ್ಟರ್, ಸುರುಳಿಗಳು ಸುಳ್ಳು ಹೇಳಿಸುತ್ತವೆ. ತುಣುಕನ್ನು ಬಿಡಿಸಿಕೊಳ್ಳುವುದೇ ಒಳ್ಳೆಯದು. ಹಾಟ್ ಏರ್ ಇಲ್ಲದಿದ್ದರೆ ಮೂರೂ ಕಾಲಿಗೆ ಧಾರಾಳ ಸೋಲ್ಡರ್ ತುಂಬಿ, ಎರಡೂ ಬದಿ ಒಟ್ಟಿಗೆ ಕಾಯುವಂತೆ ಐರನ್ ಅತ್ತಿತ್ತ ಓಡಿಸಿ, ಚಿಮಟದಿಂದ ಎತ್ತಿ. ಎತ್ತುವ ಮೊದಲು ಅದು ಕೂತ ದಿಕ್ಕಿನ ಚಿತ್ರ ತೆಗೆದಿಟ್ಟುಕೊಳ್ಳಿ.

ಈಗ ಕಾಲುಗಳಿಗೆ ಸಂಖ್ಯೆ ಕೊಡೋಣ. ಎರಡು ಕಾಲಿನ ಬದಿ ನಿಮ್ಮ ಕಡೆಗೆ ಇಟ್ಟು ಮೇಲಿನಿಂದ ನೋಡಿದಾಗ ಎಡಗಡೆಯದು 1, ಬಲಗಡೆಯದು 2, ಆಚೆಯ ಒಂಟಿ ಕಾಲು 3. ಎಸ್‌ಒಟಿ-23ರಲ್ಲಿ ಸಾಮಾನ್ಯ ಟ್ರಾನ್ಸಿಸ್ಟರಿನ ಬೇಸ್ 1, ಎಮಿಟರ್ 2, ಕಲೆಕ್ಟರ್ 3. ಮಾಸ್ಫೆಟ್ಟಿನಲ್ಲಿ ಗೇಟ್ 1, ಸೋರ್ಸ್ 2, ಡ್ರೈನ್ 3. ತಂತಿಕಾಲಿನ ಟ್ರಾನ್ಸಿಸ್ಟರುಗಳಲ್ಲಿ ಕಂಪನಿಗೊಂದು ಕ್ರಮವಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸಮಾಧಾನ. ಅಪವಾದಗಳಿವೆ, ಅವಕ್ಕೆ ಬರುತ್ತೇನೆ.

ಡಿಜಿಟಲ್ ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಕೆಂಪು ಪ್ರೋಬ್ ಧನ. (ಹಳೆಯ ಮುಳ್ಳಿನ ಮೀಟರಿನ ಓಮ್ ರೇಂಜಿನಲ್ಲಿ ಇದು ತಿರುಗುಮುರುಗು, ಕಪ್ಪು ಪ್ರೋಬಿನಲ್ಲೇ ಧನ ಇರುತ್ತದೆ. ಅಂಥ ಮೀಟರ್ ಬಳಸುವವರು ಮುಂದಿನದನ್ನೆಲ್ಲ ಉಲ್ಟಾ ಓದಿಕೊಳ್ಳಬೇಕು.) ಮೂರು ಕಾಲಿನ ನಡುವೆ ಸಾಧ್ಯವಿರುವ ಆರು ಜೋಡಣೆಯನ್ನೂ ಅಳೆದು ಕಾಗದದ ಮೇಲೆ ಬರೆಯಿರಿ. ಸೋಮಾರಿತನದಿಂದ ಎರಡೇ ಅಳೆದು ನಿಲ್ಲಿಸಬೇಡಿ, ಉತ್ತರ ಇರುವುದು ಆರರ ವಿನ್ಯಾಸದಲ್ಲಿ.

ಕೆಂಪು 1ರಲ್ಲಿ ನಿಂತಾಗ ಕಪ್ಪಿಗೆ 2ರಲ್ಲೂ 3ರಲ್ಲೂ 0.6 ರಿಂದ 0.7 ವೋಲ್ಟ್ ತೋರಿಸಿ, ಉಳಿದ ನಾಲ್ಕು ಕಡೆ ಏನೂ ತೋರದಿದ್ದರೆ ಅದು ಎನ್‌ಪಿಎನ್. ಕಪ್ಪು 1ರಲ್ಲಿ ನಿಂತು ಕೆಂಪು 2, 3ರಲ್ಲಿ ಅದೇ ತೋರಿದರೆ ಪಿಎನ್‌ಪಿ. ಎರಡು ಓದಿನಲ್ಲಿ ಕೆಲವು ಮಿಲಿವೋಲ್ಟ್ ಹೆಚ್ಚು ತೋರುವುದು ಸಾಮಾನ್ಯವಾಗಿ ಎಮಿಟರ್ ಕಡೆ.

ಮಾಸ್ಫೆಟ್ಟಿನಲ್ಲಿ ಗೇಟ್ ಯಾರೊಂದಿಗೂ ಮಾತಾಡುವುದಿಲ್ಲ. ಒಳಗಿನ ಡಯೋಡೊಂದು 2 ಮತ್ತು 3ರ ನಡುವೆ ಒಂದೇ ದಿಕ್ಕಿನಲ್ಲಿ 0.5 ವೋಲ್ಟಿನ ಆಸುಪಾಸು ತೋರಿಸುತ್ತದೆ. ಕೆಂಪು 2ರಲ್ಲಿ, ಕಪ್ಪು 3ರಲ್ಲಿ ಇದ್ದಾಗ ತೋರಿದರೆ ಎನ್-ಚಾನಲ್. ಕೆಂಪು 3ರಲ್ಲಿ, ಕಪ್ಪು 2ರಲ್ಲಿ ಇದ್ದಾಗ ತೋರಿದರೆ ಪಿ-ಚಾನಲ್. ಅಳೆಯುತ್ತ ಅಳೆಯುತ್ತ ಗೇಟಿನಲ್ಲಿ ವಿದ್ಯುದಂಶ ಕೂಡಿಕೊಂಡು ಮಾಸ್ಫೆಟ್ ಆನ್ ಆಗಿಬಿಡುವುದುಂಟು, ಆಗ ಎರಡೂ ದಿಕ್ಕಿನಲ್ಲಿ ಶಾರ್ಟ್ ಎನ್ನುತ್ತದೆ. ಸುಟ್ಟಿದೆ ಎಂದು ಎಸೆಯುವ ಮೊದಲು ಚಿಮಟದಿಂದ ಮೂರೂ ಕಾಲನ್ನು ಒಮ್ಮೆ ಶಾರ್ಟ್ ಮಾಡಿ ಮತ್ತೆ ಅಳೆಯಿರಿ.

ಇನ್ನು ವೇಷಧಾರಿಗಳು. ಬಿಎವಿ70 ಎಂಬ ಜೋಡಿ ಡಯೋಡಿನಲ್ಲಿ (ಗುರುತು ‘ಎ4’) ಎರಡು ಡಯೋಡಿನ ಕ್ಯಾಥೋಡುಗಳು 3ರಲ್ಲಿ ಸೇರುತ್ತವೆ. ಮೀಟರಿಗೆ ಇದು ಥೇಟ್ ಪಿಎನ್‌ಪಿ. ಬಿಎಡಬ್ಲ್ಯೂ56ರಲ್ಲಿ (ಗುರುತು ‘ಎ1’) ಆನೋಡುಗಳು ಸೇರುತ್ತವೆ, ಅದು ಎನ್‌ಪಿಎನ್ ಥರ ಕಾಣುತ್ತದೆ. ಹಿಡಿಯುವ ಉಪಾಯ ಸರಳ: ಇವೆರಡರಲ್ಲೂ ‘ಬೇಸ್’ ಒಂಟಿ ಕಾಲಿನಲ್ಲಿ ಸಿಗುತ್ತದೆ. ನಿಜವಾದ ಟ್ರಾನ್ಸಿಸ್ಟರಿನಲ್ಲಿ ಅದು 1ರಲ್ಲಿ ಇರಬೇಕು. ಬೇಸ್ ಒಂಟಿ ಕಾಲಿನಲ್ಲಿ ಕಂಡರೆ ಮೊದಲ ಅನುಮಾನ ಜೋಡಿ ಡಯೋಡಿನ ಮೇಲೆ. ಬಿಎವಿ99 (ಗುರುತು ‘ಎ7’) ಒಂದರ ಹಿಂದೊಂದು ಜೋಡಿಸಿದ ಡಯೋಡುಗಳು: 1ರಿಂದ 3ಕ್ಕೆ, 3ರಿಂದ 2ಕ್ಕೆ ಹರಿಯುತ್ತದೆ, 1ರಿಂದ 2ಕ್ಕೆ ಅಳೆದರೆ ಎರಡರ ಮೊತ್ತ, ಸುಮಾರು 1.2 ವೋಲ್ಟ್ ತೋರಿಸುತ್ತದೆ. 1 ಮತ್ತು 3ರ ನಡುವೆ ಮಾತ್ರ ಒಂದು ದಿಕ್ಕಿನಲ್ಲಿ 0.2 ಅಥವಾ 0.3 ವೋಲ್ಟ್ ಬಂದು 2ನೇ ಕಾಲು ಎಲ್ಲಿಗೂ ಸೇರದಿದ್ದರೆ ಬಿಎಟಿ54ರಂಥ ಷಾಟ್ಕಿ ಡಯೋಡ್.

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಡಿಜಿಟಲ್ ಟ್ರಾನ್ಸಿಸ್ಟರಿನಲ್ಲಿ. ಇದರ ಹೊಟ್ಟೆಯೊಳಗೇ ಎರಡು ರೆಸಿಸ್ಟರ್ ಇರುತ್ತವೆ. ಡಯೋಡ್ ರೇಂಜಿನಲ್ಲಿ ಇದು ಸತ್ತಂತೆ ಕಾಣುತ್ತದೆ, ಜನ ಎಸೆದುಬಿಡುತ್ತಾರೆ. ಓಮ್ ರೇಂಜಿಗೆ ತಿರುಗಿಸಿದರೆ ಬೇಸ್ ಮತ್ತು ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಹತ್ತಾರು ಕಿಲೊ ಓಮ್ ಸಿಗುತ್ತದೆ. ರೋಮ್ ಕಂಪನಿಯ ಡಿಟಿಸಿ114ಇ (ಗುರುತು ‘24’) ಒಳಗೆ 10 ಕಿಲೊ ಓಮಿನ ಎರಡು ಇರುವುದರಿಂದ ಸುಮಾರು 20 ಕಿಲೊ ಓಮ್ ಬರುತ್ತದೆ. ಅದರ ಪಿಎನ್‌ಪಿ ಜೊತೆಗಾರ ಡಿಟಿಎ114ಇ ಮೇಲೆ ‘14’ ಎಂದಿರುತ್ತದೆ. ಬರೀ ಎರಡಂಕೆ ಕಂಡು, ಬೋರ್ಡಿನಲ್ಲಿ ಬೇಸಿಗೆ ಹೊರಗಡೆ ರೆಸಿಸ್ಟರ್ ಇಲ್ಲದೆ ನೇರ ಮೈಕ್ರೊಕಂಟ್ರೋಲರಿಗೆ ಹೋಗಿದ್ದರೆ ಇದನ್ನೇ ಶಂಕಿಸಿ. ಇಂಥದ್ದರ ಜಾಗದಲ್ಲಿ ಮಾಮೂಲಿ ಎನ್‌ಪಿಎನ್ ಹಾಕಿದರೆ ಬೇಸಿಗೆ ತಡೆಯೇ ಇಲ್ಲದೆ ಮೈಕ್ರೊಕಂಟ್ರೋಲರಿನ ಕಾಲಿಗೂ ಕೇಡು.

ಅಪವಾದದ ಮಾತು. ಜೆ-ಫೆಟ್‌ಗಳಲ್ಲಿ ಒಂಟಿ ಕಾಲೇ ಗೇಟ್. ಎಂಎಂಬಿಎಫ್‌ಜೆ310 (ಗುರುತು ‘6ಟಿ’) ಅಂಥದ್ದು. 1 ಮತ್ತು 2ರ ನಡುವೆ ಎರಡೂ ದಿಕ್ಕಿನಲ್ಲಿ ಕಡಿಮೆ ಓಮ್ ತೋರಿಸುವುದರಿಂದ ಇದು ಶಾರ್ಟ್ ಆಗಿದೆ ಎಂದು ತಪ್ಪು ತಿಳಿಯುವ ಸಂಭವವಿದೆ. ಟಿಎಲ್431 ಎಂಬ ವೋಲ್ಟೇಜ್ ಆಧಾರದ ಐಸಿ ಮತ್ತು ಅದರ ತಮ್ಮ ಟಿಎಲ್432 ಎಸ್‌ಒಟಿ-23ರಲ್ಲಿ ಒಂದೇ ಕೆಲಸ ಮಾಡಿದರೂ 1 ಮತ್ತು 2ನೇ ಕಾಲು ಅದಲುಬದಲು. ಚಾರ್ಜರುಗಳಲ್ಲಿ ‘431’ ಎಂಬುದನ್ನು ಬದಲಿಸಿದ ಮೇಲೆ ವೋಲ್ಟೇಜ್ ಹುಚ್ಚಾಪಟ್ಟೆ ಏರಿದರೆ ಇದನ್ನು ನೋಡಿ.

ಎಮಿಟರ್ ಯಾವುದು, ಕಲೆಕ್ಟರ್ ಯಾವುದು ಎಂಬ ಸಂಶಯ ಉಳಿದರೆ ಒಂದು ಪರೀಕ್ಷೆ ಇದೆ. 12 ವೋಲ್ಟಿನ ಸಪ್ಲೈಗೆ 10 ಕಿಲೊ ಓಮ್ ರೆಸಿಸ್ಟರ್ ಸೇರಿಸಿ, ಎನ್‌ಪಿಎನ್ ಆದರೆ ಋಣವನ್ನು ಬೇಸಿಗೆ, ಧನವನ್ನು ಇನ್ನೊಂದು ಕಾಲಿಗೆ ಕೊಟ್ಟು, ಆ ಎರಡರ ನಡುವಿನ ವೋಲ್ಟೇಜ್ ಅಳೆಯಿರಿ. ಆರರಿಂದ ಒಂಬತ್ತು ವೋಲ್ಟಿಗೆ ಕುಸಿದು ನಿಂತರೆ ಅದು ಎಮಿಟರ್. ಪೂರಾ 12 ಉಳಿದರೆ ಕಲೆಕ್ಟರ್. ಕ್ಷಣಮಾತ್ರ ಮಾಡಿ ಮುಗಿಸಿ. ಹೆಚ್ಚು ಹೊತ್ತು ಹೀಗೆ ಹಿಡಿದರೆ ಟ್ರಾನ್ಸಿಸ್ಟರಿನ ವರ್ಧನೆ ಕುಗ್ಗುತ್ತದೆ. ಮಾಸ್ಫೆಟ್ ಇರಬಹುದೆಂಬ ಶಂಕೆ ಇದ್ದರೆ ಈ ಪರೀಕ್ಷೆಗೆ ಇಳಿಯಲೇಬೇಡಿ. ಕೆಲವು ಗೇಟುಗಳ ಮಿತಿ 8 ವೋಲ್ಟ್ ಮಾತ್ರ.

ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರಿಗೆ ಎಟಿಮೆಗಾ328 ಚಿಪ್ಪಿನ ಅಗ್ಗದ ಕಾಂಪೊನೆಂಟ್ ಟೆಸ್ಟರ್ ಇದೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತದೆ. ಜರ್ಮನಿಯ ಹವ್ಯಾಸಿಗಳು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶ ಇದರ ಜೀವ. ಮೂರು ಕಾಲನ್ನು ಹೇಗೆ ಇಟ್ಟರೂ ಜಾತಿ, ಕಾಲುಗಳ ಕ್ರಮ, ವರ್ಧನೆ ಹೇಳಿಬಿಡುತ್ತದೆ. ಅದು 5 ವೋಲ್ಟಿನಲ್ಲಿ ಅಳೆಯುವುದರಿಂದ ಗೇಟಿಗೆ ಅದಕ್ಕಿಂತ ಹೆಚ್ಚು ಬೇಕಾದ ಮಾಸ್ಫೆಟ್‌ಗಳು ಅದರ ಕೈಗೆ ಸಿಗುವುದಿಲ್ಲ. ತಾಳುವ ವೋಲ್ಟೇಜ್ ಎಷ್ಟು, ಕರೆಂಟ್ ಎಷ್ಟು ಎನ್ನುವುದನ್ನೂ ಅದು ಹೇಳಲಾರದು. ಅದಕ್ಕೆ ಪಟ್ಟಿಗೇ ಹೋಗಬೇಕು.

ಈಗ ಪಟ್ಟಿ

ಸಾವಿರಾರು ಸಂಕೇತ ಯಾರೂ ಬಾಯಿಪಾಠ ಮಾಡುವುದಿಲ್ಲ. ಆದರೆ ಮೂರು ಮನೆತನ ಗೊತ್ತಿದ್ದರೆ ದಿನನಿತ್ಯದ ಬೋರ್ಡುಗಳ ಬಹುಭಾಗ ಮುಗಿಯುತ್ತದೆ.

ಯುರೋಪಿನ ಮನೆತನ ಅಚ್ಚುಕಟ್ಟು. ‘1’ ಇದ್ದರೆ ಬಿಸಿ846, 847, 848 ಎಂಬ ಎನ್‌ಪಿಎನ್ ಸಾಲು; ‘3’ ಇದ್ದರೆ ಬಿಸಿ856, 857, 858 ಎಂಬ ಪಿಎನ್‌ಪಿ ಸಾಲು. ಮುಂದಿನ ಅಕ್ಷರ ಎ, ಬಿ ಆದರೆ 65 ವೋಲ್ಟಿನದು; ಇ, ಎಫ್, ಜಿ ಆದರೆ 45 ವೋಲ್ಟಿನದು; ಜೆ, ಕೆ, ಎಲ್ ಆದರೆ 30 ವೋಲ್ಟಿನದು. ಆಯಾ ಗುಂಪಿನೊಳಗೆ ಅಕ್ಷರ ಮುಂದೆ ಹೋದಂತೆ ವರ್ಧನೆ ಹೆಚ್ಚುತ್ತದೆ: ಬಿಸಿ847ರಲ್ಲಿ ‘1ಇ’ಗೆ 110ರಿಂದ 220, ‘1ಎಫ್’ಗೆ 200ರಿಂದ 450, ‘1ಜಿ’ಗೆ 420ರಿಂದ 800. ಇವೆಲ್ಲ 100 ಮಿಲಿಆಂಪಿಯರಿನವು. 500 ಮಿಲಿಆಂಪಿಯರ್ ಬೇಕಾದಲ್ಲಿ ಬಿಸಿ817 (‘6ಎ’, ‘6ಬಿ’, ‘6ಸಿ’) ಮತ್ತು ಅದರ ಪಿಎನ್‌ಪಿ ಜೋಡಿ ಬಿಸಿ807 (‘5ಎ’, ‘5ಬಿ’, ‘5ಸಿ’) ಕಾಣಿಸುತ್ತವೆ.

ಅಮೆರಿಕದ ಮನೆತನದಲ್ಲಿ ಇಂಥ ಸಾಲು ಹುಡುಕಬೇಡಿ. ‘1ಪಿ’ ಎಂದರೆ ಎಂಎಂಬಿಟಿ2222ಎ, ‘2ಎಫ್’ ಅದರ ಪಿಎನ್‌ಪಿ ಜೋಡಿ 2907ಎ. ‘1ಎ’ ಅಥವಾ ‘1ಎಎಂ’ 3904, ‘2ಎ’ 3906. ‘2ಎಕ್ಸ್’ 4401 ಎಂಬ ಎನ್‌ಪಿಎನ್, ‘2ಟಿ’ 4403 ಎಂಬ ಪಿಎನ್‌ಪಿ.

ಮೂರನೆಯದು ಚೀನಾದ್ದು; ಅಗ್ಗದ ಆಟಿಕೆ, ಎಫ್‌ಎಂ ರೇಡಿಯೊ, ಚಾರ್ಜರ್, ಎಮರ್ಜೆನ್ಸಿ ಲೈಟುಗಳಲ್ಲಿ ಇದೇ ಹೆಚ್ಚು. ‘ಜೆ3ವೈ’ ಎಸ್8050, ‘2ಟಿವೈ’ ಎಸ್8550. ಇವು 25 ವೋಲ್ಟ್, 500 ಮಿಲಿಆಂಪಿಯರ್. ‘ವೈ1’ ಎಂದಿದ್ದರೆ ಎಸ್‌ಎಸ್8050, ‘ವೈ2’ ಎಂದಿದ್ದರೆ ಎಸ್‌ಎಸ್8550, ಇವು 1.5 ಆಂಪಿಯರಿನವು. ‘ಜೆ6’ ಎಸ್9014, ‘ಎಂ6’ ಎಸ್9015. ಮಾಸ್ಫೆಟ್‌ಗಳಲ್ಲಿ ‘ಎ1ಎಸ್‌ಎಚ್‌ಬಿ’ ಎಂಬ ಉದ್ದ ಬರಹ ಎಸ್‌ಐ2301 ಎಂಬ 20 ವೋಲ್ಟಿನ ಪಿ-ಚಾನಲ್, ‘ಎ2ಎಸ್‌ಎಚ್‌ಬಿ’ ಎಸ್‌ಐ2302 ಎಂಬ ಎನ್-ಚಾನಲ್.

ಜಪಾನಿನವರು ವರ್ಧನೆಯ ದರ್ಜೆಯನ್ನು ಗುರುತಿನೊಳಗೇ ಹೆಣೆಯುತ್ತಾರೆ. ತೋಷಿಬಾದ 2ಎಸ್‌ಸಿ2712 ಮೇಲೆ ‘ಎಲ್‌ವೈ’ ಇದ್ದರೆ ವರ್ಧನೆ 120ರಿಂದ 240, ‘ಎಲ್‌ಜಿ’ ಇದ್ದರೆ 200ರಿಂದ 400. ಎನ್‌ಇಸಿಯ 2ಎಸ್‌ಸಿ1623 ತನ್ನ ದರ್ಜೆಯನ್ನೇ ಹೆಸರಾಗಿ ಹೊತ್ತುಕೊಂಡು ‘ಎಲ್4’ರಿಂದ ‘ಎಲ್7’ರವರೆಗೆ ಬರುತ್ತದೆ.

ಇಲ್ಲಿಗೆ ಡಿಕ್ಕಿಗಳ ವಿಷಯ. ಕೆಲವು ಡಿಕ್ಕಿ ನಿರುಪದ್ರವಿ. ‘2ಟಿ’, ‘2ಟಿ1’, ‘2ಟಿವೈ’ ಮೂರನ್ನೂ ಅರ್ಧ ಅಳಿಸಿದ ಬೋರ್ಡಿನಲ್ಲಿ ಗೊಂದಲ ಮಾಡಿಕೊಂಡರೂ ಮೂರೂ ಪಿಎನ್‌ಪಿ, ಮೂರೂ 500-600 ಮಿಲಿಆಂಪಿಯರ್. 12 ವೋಲ್ಟಿನ ಸರ್ಕ್ಯೂಟಿನಲ್ಲಿ ಯಾವುದನ್ನು ಹಾಕಿದರೂ ನಡೆಯುತ್ತದೆ. ‘1ಎ’ ಸ್ವಲ್ಪ ಯೋಚಿಸಬೇಕಾದದ್ದು: ಅದು 3904 ಆದರೆ 40 ವೋಲ್ಟ್, 200 ಮಿಲಿಆಂಪಿಯರ್, ಬಿಸಿ846ಎ ಆದರೆ 65 ವೋಲ್ಟ್, 100 ಮಿಲಿಆಂಪಿಯರ್. ಎರಡೂ ಎನ್‌ಪಿಎನ್, ಕಾಲುಗಳೂ ಒಂದೇ. ಐದು ವೋಲ್ಟಿನ ಬೋರ್ಡಿನಲ್ಲಿ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ, 48 ವೋಲ್ಟಿನ ಸಪ್ಲೈಯಲ್ಲಿ ಇದೆ. ಅಪಾಯದ್ದು ‘ಎಲ್4’. 2ಎಸ್‌ಸಿ1623 ಎಂಬ ಎನ್‌ಪಿಎನ್ ಮೇಲೂ ಅದೇ, ಎನ್‌ಎಕ್ಸ್‌ಪಿಯ ಬಿಎಟಿ54 ಷಾಟ್ಕಿ ಡಯೋಡಿನ ಮೇಲೂ ಅದೇ. ಪಟ್ಟಿ ಎಷ್ಟು ನೋಡಿದರೂ ಇದು ಬಗೆಹರಿಯುವುದಿಲ್ಲ. ಮೀಟರ್ ಇಟ್ಟರೆ ಅರೆನಿಮಿಷದ ಕೆಲಸ.

ಬದಲಿ ಹಾಕುವಾಗ

ನಾಲ್ಕೈದು ಸಂಗತಿ ಹೊಂದಬೇಕು: ಜಾತಿ, ಕಾಲುಗಳ ಕ್ರಮ, ತಾಳುವ ವೋಲ್ಟೇಜ್, ಕರೆಂಟ್, ವರ್ಧನೆ. ವೋಲ್ಟೇಜ್ ಮತ್ತು ಕರೆಂಟ್ ಮೂಲದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ. ಸ್ವಿಚ್ಚಾಗಿ ಕೆಲಸ ಮಾಡುವಲ್ಲಿ ವರ್ಧನೆ ಹೆಚ್ಚಾದರೂ ನಡೆಯುತ್ತದೆ. ಆಡಿಯೊದಲ್ಲಿ ಅದೇ ದರ್ಜೆ ಹುಡುಕುವುದು ವಾಸಿ.

ಮಾಸ್ಫೆಟ್ಟಿನಲ್ಲಿ ಎಲ್ಲರೂ ಆಂಪಿಯರ್ ನೋಡುತ್ತಾರೆ, ಗೇಟ್ ಎಷ್ಟು ವೋಲ್ಟಿಗೆ ತೆರೆಯುತ್ತದೆ ಎಂದು ನೋಡುವುದಿಲ್ಲ. 2ಎನ್7002 ತೆರೆಯಲು ಶುರುವಾಗುವುದು 1ರಿಂದ 2.5 ವೋಲ್ಟ್ ನಡುವೆ ಎಲ್ಲಾದರೂ. ಬಿಎಸ್‌ಎಸ್138 (ಫೇರ್‌ಚೈಲ್ಡ್‌ನದಾದರೆ ಗುರುತು ‘ಎಸ್‌ಎಸ್’) 0.8ರಿಂದ 1.5ರ ನಡುವೆ. 3.3 ವೋಲ್ಟಿನ ಮೈಕ್ರೊಕಂಟ್ರೋಲರ್ ಓಡಿಸುವಲ್ಲಿ ಎರಡನೆಯದರ ಜಾಗಕ್ಕೆ ಮೊದಲನೆಯದನ್ನು ಹಾಕಿದರೆ ಒಂದು ಬೋರ್ಡಿನಲ್ಲಿ ನಡೆದು ಇನ್ನೊಂದರಲ್ಲಿ ನಡೆಯದ ಕಿರಿಕಿರಿ ಶುರುವಾಗುತ್ತದೆ.

ರೇಡಿಯೊ ಆವರ್ತನದ ಬೋರ್ಡಿನಲ್ಲಿ ಸಾಮಾನ್ಯ ಟ್ರಾನ್ಸಿಸ್ಟರ್ ಹಾಕಿ ನೋಡುವ ಆಸೆ ಬೇಡ. ಟಿವಿ ಆಂಟೆನಾ ಬೂಸ್ಟರಿನಲ್ಲಿ ‘ಪಿ1’ ಎಂಬ ಬಿಎಫ್‌ಆರ್92 ಇದ್ದರೆ ಅದು 5 ಗಿಗಾಹರ್ಟ್ಸ್ ಮಟ್ಟದ ವಸ್ತು. ಬಿಸಿ847ಕ್ಕೆ ಡೇಟಾಶೀಟ್ ಖಾತರಿ ಕೊಡುವುದು 100 ಮೆಗಾಹರ್ಟ್ಸ್. ಮೀಟರಿಗೆ ಎರಡೂ ಒಂದೇ ಎನ್‌ಪಿಎನ್.

ಟ್ರಾನ್ಸಿಸ್ಟರ್ ತಾನಾಗಿ ಸಾಯುವುದು ಕಡಿಮೆ. ರಿಲೇ ಎಳೆಯುವುದು ಸತ್ತಿದ್ದರೆ ಸುರುಳಿಯ ಅಡ್ಡದ ಡಯೋಡ್ ತೆರೆದುಕೊಂಡಿರಬಹುದು. ಬ್ಯಾಟರಿ ಬಾಯಿಯದು ಸತ್ತಿದ್ದರೆ ಆಚೆ ಎಲ್ಲೋ ಶಾರ್ಟ್ ಇರಬಹುದು. ಅದನ್ನು ನೋಡದೆ ಹೊಸದನ್ನು ಹಾಕಿದರೆ ಅದೂ ಹೋಗುತ್ತದೆ. ಮೊದಲ ಸಲ ಕರೆಂಟ್ ಕೊಡುವಾಗ ಮಿತಿ ಇಡಬಲ್ಲ ಸಪ್ಲೈಯಿಂದ ಕೊಡಿ. ಮನೆಯ ಲೈನಿಗೆ ನೇರ ಸೇರುವ ಬೋರ್ಡಾದರೆ ಸರಣಿಯಲ್ಲಿ 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಹಾಕಿ.

ಇನ್ನು ಐದು, ಆರು ಕಾಲಿನವು. ಇವು ಹೆಚ್ಚಾಗಿ ಟ್ರಾನ್ಸಿಸ್ಟರ್ ಅಲ್ಲ, ಐಸಿಗಳು. ‘ಎಲ್‌ಟಿಎಚ್7’ ಎಂಬ ಐದು ಕಾಲಿನದು ಎಲ್‌ಟಿಸಿ4054 ಎಂಬ ಲಿಥಿಯಂ ಬ್ಯಾಟರಿ ಚಾರ್ಜರ್ ಐಸಿಯ ಗುರುತು. ಅದರ ನಕಲುಗಳೂ ಅದೇ ಗುರುತು ಹೊತ್ತು ಬರುತ್ತವೆ. ‘ಬಿ628’ ಎಂಬ ಆರು ಕಾಲಿನದು ಎಂಟಿ3608 ಎಂಬ ವೋಲ್ಟೇಜ್ ಏರಿಸುವ ಐಸಿ. ಇಂಥವಕ್ಕೆ ಮೀಟರಿನ ಡಯೋಡ್ ಪರೀಕ್ಷೆ ಪ್ರಯೋಜನಕ್ಕೆ ಬರುವುದಿಲ್ಲ. ಯಾವ ಕಾಲು ಗ್ರೌಂಡ್, ಯಾವುದು ಸಪ್ಲೈ, ಯಾವುದು ಕಾಯಿಲಿಗೆ ಹೋಗುತ್ತದೆ ಎಂದು ಟ್ರ್ಯಾಕ್ ನೋಡಿ ಬರೆದುಕೊಂಡು, ಅದಕ್ಕೆ ಹೊಂದುವ ಡೇಟಾಶೀಟ್ ಹುಡುಕಬೇಕು. ಅದೂ ಸಿಗದಿದ್ದರೆ, ಅಥವಾ ತಯಾರಕರೇ ಗುರುತನ್ನು ಉಜ್ಜಿ ಅಳಿಸಿದ್ದರೆ, ಅದೇ ಮಾಡೆಲಿನ ಕೆಟ್ಟ ಬೋರ್ಡೊಂದನ್ನು ಗುಜರಿಯಿಂದ ತಂದು ಆ ಜಾಗದ ತುಣುಕನ್ನೇ ಎತ್ತಿ ಹಾಕುವುದು ಅಗ್ಗ, ಬೇಗ. ತರುವ ಮೊದಲು ಬೋರ್ಡಿನ ಮೂಲೆಯಲ್ಲಿ ಮುದ್ರಿಸಿರುವ ಆವೃತ್ತಿ ಸಂಖ್ಯೆ ಒಂದೇ ಇದೆಯೇ ನೋಡಿಕೊಳ್ಳಿ. ಹೊರಗಿನ ಡಬ್ಬಿ ಒಂದೇ ಆಗಿದ್ದು ಒಳಗಿನ ಐಸಿ ಬೇರೆ ಇರುವುದು ಅಗ್ಗದ ಸಾಮಾನಿನಲ್ಲಿ ಮಾಮೂಲು.